ಟ್ಯಾಂಕರಿನ ಮೇಲಿನ ಕೆಂಪು

ಹಿಂದೆ ನಿಂತ ಹಾಲಿನ ಟ್ಯಾಂಕರಿನ ಬಿಳಿ ಮೂತಿಯ ಮೇಲೆ ಏನದು ಕೆಂಪು, ಕನ್ನಡಿಯಲ್ಲಿ ಕಾಣುತ್ತಿದೆ, ಸಂಜೆಯ ಸೂರ್ಯನಿರಬೇಕು, ಅಲ್ಲ, ಸೂರ್ಯ ಮುಳುಗಿಯೇ ಹತ್ತು ನಿಮಿಷವಾಯಿತು, ಇರಲಿ ಬಿಡು, ರೈಲು ಹೋಗುವತನಕ ಈ ಗೇಟು ಏಳುವುದಿಲ್ಲ, ಅಷ್ಟರೊಳಗೆ ಬಾಗೇವಾಡಿಯಲ್ಲಿ ಬಸಂತರಾಯ ತನ್ನ ಗ್ಯಾರೇಜು ಮುಚ್ಚಿಕೊಂಡು ಹೋದರೆ ನಿಡಗುಂದಿಯ ಮೆಕ್ಯಾನಿಕ್ ಹನೀಫನ ಕಳ್ಳತನಕ್ಕೆ ಸಾಕ್ಷಿ ಹೇಳುವವರು ಯಾರು, ಪುರಾವೆಯಂತೂ ಅಂಬುಬಾಯಿಯ ತೊಡೆಯ ಮೇಲಿದೆ, ಹಳೇ ಪೇಪರಿನಲ್ಲಿ ಸುತ್ತಿದ ಬ್ರೇಕ್ ಪ್ಯಾಡುಗಳು, ಸವೆದು ಸವೆದು ಕಬ್ಬಿಣ ಹತ್ತಿದವು, ಸೀರೆಗೆ ಮಸಿಯಾದೀತೆಂದು ಎರಡೇ ಬೆರಳಲ್ಲಿ ಹಿಡಿದು ಕೂತಿದ್ದಾಳೆ ನನ್ನ ಹೆಂಡತಿ. ಮಗ ಪಾರ್ಥ ಈ ಕಾರು ಕೊಡಿಸಿ ಒಂದು ವರ್ಷ — ಅಪ್ಪಾ, ಇದರಾಗ ಕ್ಲಚ್ಚ ಇಲ್ಲ, ಗೇರ್ ಬದಲಸೂ ತ್ರಾಸಿಲ್ಲ, ಒಂದ ಕಾಲಿನ ಕೆಲಸ ನೋಡ್ರಿ — ಒಂದು ವರ್ಷದಲ್ಲಿ ಎರಡು ಜೊತೆ ಪ್ಯಾಡು ಮುಗಿದವು ಅಂದರೆ ಯಾರು ನಂಬಬೇಕು, ಆಲಮಟ್ಟಿ ಕಾಲುವೆಯ ದಂಡೆಗುಂಟ ಇಲಾಖೆಯ ಜೀಪು ಮೂವತ್ತು ವರ್ಷ ಓಡಿಸಿದವನು ನಾನು, ಬ್ರೇಕು ಉಳಿಸುವುದು ಹೇಗೆಂದು ಡ್ರೈವರುಗಳಿಗೇ ಪಾಠ ಹೇಳಿದವನು, ಉಬ್ಬು ಬರುವ ಮೊದಲೇ ಕಾಲು ತೆಗೆಯೋ, ಗಾಡಿ ತಾನೇ ದಣಿಯಲಿ, ಕಾಲುವೆಯ ಗೇಟು ಒಮ್ಮೆಲೇ ಇಳಿಸಿದರೆ ದಂಡೆ ಒಡೀತದ, ಹಂಗ ಇದೂ. ಅಂಥ ನನಗೆ ಮಹಮ್ಮದಹನೀಫ ಕೇಳುತ್ತಾನೆ, ಸಾಹೇಬ್ರ, ಗಾಡಿ ಬ್ಯಾರೆ ಯಾರರ ಹೊಡಿತಾರೇನ್ರಿ? ಎಷ್ಟು ಹುಷಾರಿ ನೋಡು, ತನ್ನ ಮೇಲಿನ ತಪ್ಪನ್ನು ನನ್ನ ಮನೆಯೊಳಗೆ ಒಗೆದ, ನಾನೂ ಎರಡು ದಿನ ಸೊಸೆ ಮಂಜರಿಯ ಮೇಲೆ ಕಣ್ಣಿಟ್ಟೆ, ಪಾಠ ಹೇಳಲು ಮುದ್ದೇಬಿಹಾಳದ ಸಾಲಿಗೆ ಬಸ್ಸಿನಲ್ಲಿ ಹೋಗುತ್ತೇನೆಂದು ಹೇಳಿ ಕಾರು ಒಯ್ಯುತ್ತಾಳೇನು ಎಂದು ಮೀಟರು ಬರೆದಿಟ್ಟೆ, ಒಂದು ಕಿಲೋಮೀಟರೂ ಹೆಚ್ಚಿಲ್ಲ, ಪಾಪ. ಅಂದಮೇಲೆ ಹನೀಫನೇ, ಹಳೇ ಪ್ಯಾಡು ತಿಕ್ಕಿ ಹೊಸದೆಂದು ಹಾಕಿದ್ದಾನೆ. ಇವತ್ತು ಮಧ್ಯಾಹ್ನ ನಿಡಗುಂದಿಯಲ್ಲಿ ಅವನ ಅಂಗಡಿಯಲ್ಲೇ ಅಂದೆ, ನಾಲ್ಕು ಗಿರಾಕಿಗಳ ಮುಂದೆ, ಕಳ್ಳ ಇದ್ದೀ ನೀ. ಅವನು ಅರಿವೆಗೆ ಕೈ ಒರೆಸಿಕೊಂಡ, ಬೆರಳು ಬೆರಳು ಬಿಡದೆ ಒರೆಸಿಕೊಂಡ, ಬಿಚ್ಚಿದ ಪ್ಯಾಡುಗಳನ್ನು ತಾನೇ ಪೇಪರಿನಲ್ಲಿ ಸುತ್ತಿ ಕೊಟ್ಟ — ಯಾರಿಗೆ ಬೇಕು ಅವರಿಗೆ ತೋರಸ್ರಿ ಸಾಹೇಬ್ರ, ಹನೀಫಂದ ತಪ್ಪು ಅಂದ್ರ ಅಂಗಡಿ ಬಾಗಲಾ ಹಾಕತೇನಿ. ಇಷ್ಟು ಧೈರ್ಯ ಕಳ್ಳನಿಗಲ್ಲದೆ ಯಾರಿಗಿರುತ್ತದೆ. ಹಂಥಾವ ಅಲ್ರಿ ಅಂವ, ನಾ ಸೊಂಟಾ ಮುರಕೊಂಡಾಗ ತನ್ನ ಗಾಡ್ಯಾಗ ವಿಜಾಪುರಕ್ಕ ಒಯ್ದಿಲ್ಲೇನು, ಅನ್ನುತ್ತಾಳೆ ಅಂಬುಬಾಯಿ, ಹೌದು ಒಯ್ದ, ಜೀಪಿನ ಕಾಲದಿಂದ ಇಪ್ಪತ್ತು ವರ್ಷದ ಗಿರಾಕಿ ಕೈಬಿಟ್ಟು ಹೋಗಬಾರದಲ್ಲ, ನೀ ಸುಮ್ಮನಿರು. ಅಗೋ, ಆ ಕೆಂಪು ಇನ್ನೂ ಅಲ್ಲೇ ಇದೆ. ಏನ್ರಿ, ಹಿಂದಿನ ಗಾಡಿ ಮ್ಯಾಲೆ ಬಿದ್ದದ್ದು ನಮ್ಮ ದೀಪದ ಬೆಳಕೇನು? ನಮ್ಮದು ಹೇಗಾದೀತು, ಗೇರು ಪಾರ್ಕಿನಲ್ಲಿಟ್ಟಿದ್ದೇನೆ, ಬಲಗಾಲು ಹಿಂದಕ್ಕೆ ಎಳೆದುಕೊಂಡು ಕೂತಿದ್ದೇನೆ, ಬ್ರೇಕು ಒತ್ತದೆ ಬ್ರೇಕಿನ ದೀಪ ಹತ್ತುವುದುಂಟೇ — ಓಹೋ, ಅದರ ಸ್ವಿಚ್ಚನ್ನೂ ಕೆಡಿಸಿಟ್ಟಿದ್ದಾನೆ, ಬಸಂತರಾಯನಿಗೆ ಇದನ್ನೂ ತೋರಿಸಬೇಕು, ಎಂದು ಬಗ್ಗಿ ನೋಡಿದರೆ ಕೆಳಗೆ ಎಡಗಾಲು, ನನ್ನದೇ ಎಡಗಾಲು, ಚಪ್ಪಲಿ ಸಮೇತ, ಜೀಪಿನ ಕ್ಲಚ್ಚಿನ ಮೇಲೆ ಮೂವತ್ತು ವರ್ಷ ಹೇಗಿತ್ತೋ ಹಾಗೇ, ಹಗುರಾಗಿ, ಆರಾಮಾಗಿ, ಬ್ರೇಕಿನ ಮೇಲೆ. ಎತ್ತಿದೆ — ಕನ್ನಡಿಯಲ್ಲಿ ಟ್ಯಾಂಕರು ಬೆಳ್ಳಗಾಯಿತು. ಇಟ್ಟೆ — ಕೆಂಪು. ರೈಲು ಹೋಯಿತು, ಗೇಟು ಎದ್ದಿತು, ಟ್ಯಾಂಕರಿನವ ಹಾರ್ನು ಹೊಡೆಯುತ್ತಿದ್ದಾನೆ, ಬಸಂತರಾಯರಿಗೆ ಫೋನ್ ಹಚ್ಚಲೇನ್ರಿ, ಬಂದ್ವಿ ಅಂತ? ಬ್ಯಾಡ, ಗಾಡಿ ಹೊಳ್ಳಿಸಬೇಕು, ನಿಡಗುಂದಿಗೆ, ಆ ನಾಲ್ಕು ಗಿರಾಕಿಗಳನ್ನು ಈಗ ಎಲ್ಲಿಂದ ಕರೆದು ತರಲಿ, ಅರಿವೆಗೆ ಬೆರಳು ಬೆರಳು ಒರೆಸಿಕೊಂಡವನ ಎದುರು ಯಾವ ಕಾಲಿನ ಮೇಲೆ ನಿಲ್ಲಲಿ, ಎತ್ತಿದೆ, ಬಿಳಿ, ಇಟ್ಟೆ, ಕೆಂಪು, ಎತ್ತಿದೆ, ಇಟ್ಟೆ, ಕೆಂಪು, ಟ್ಯಾಂಕರಿನ ಮೇಲೆ ಕೆಂಪು