ವಡೆ ಕರಿದ ಎಣ್ಣೆಯೂ ತಿರುಗದ ಚಕ್ರವೂ

ಐವತ್ತೊಂಬತ್ತನೇ ಇಸವಿ. ಮದರಾಸಿನಲ್ಲಿ ತಮಿಳರ ಐಪ್ಪಸಿ ತಿಂಗಳ ಮಳೆ ಆಗತಾನೇ ಬಿಟ್ಟಿತ್ತು. ಬೆಳಗಿನ ಐದೂವರೆ ಗಂಟೆ. ವೆಸ್ಟ್ ಮಾಂಬಲಂನ ಓಣಿಯೊಂದರಲ್ಲಿ ಮಂಗಳೂರು ಕಡೆಯ ಮೋನಪ್ಪನ ಹೋಟೆಲಿನ ಹಳೇ ವ್ಯಾನು ಹೊರಡಲು ನಿಂತಿತ್ತು. ಒಳಗೆ ಅಡ್ಯಾರಿನ ಆಫೀಸುಗಳಿಗೆ ಹೋಗಬೇಕಾದ ಇಡ್ಲಿ, ಸಾಂಬಾರು. ಓಡಿಸುವವನು ಐತಪ್ಪ, ಮೋನಪ್ಪನ ತಂಗಿ ಚಂದ್ರಮತಿಯ ಗಂಡ. ಅವನ ಮಗಳು ಬೇಬಿ ಆ ವ್ಯಾನನ್ನು ತಮಿಳಿನಲ್ಲಿ ‘ಪಾಟ್ಟಿ’ ಎಂದೇ ಕರೆಯುತ್ತಿದ್ದಳು. ಅಜ್ಜಿಯ ಹಾಗೆ ಅದು ಅಷ್ಟು ನರಳುತ್ತಿತ್ತು.

ಐತಪ್ಪ ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಹಾಕಿ ಸ್ಟಿಯರಿಂಗ್ ಜಗ್ಗಿದ. ಮುಂಚಕ್ರ ಕಿರ್ರೆಂದು ಒಂದು ಗೇಣು ಹೊರಳಿತು.

"ಭಾವ, ಮಳೆ ಬಿಟ್ಟ ಮೇಲೆ ಇದು ಕಲ್ಲಾಗಿದೆ. ಜಗ್ಗಿದ್ರೆ ತಿರುಗ್ತದೆ, ಆದ್ರೆ ತಿರುಗಿದ್ದು ವಾಪಸ್ ಬರುದಿಲ್ಲ ಮಾರಾಯ್ರೆ. ನಾನೇ ಎಳ್ದು ತರ್ಬೇಕು."

"ಇವತ್ತು ಎಣ್ಣೆ ಬಿಟ್ಟಿಲ್ಲ, ಅದಕ್ಕೆ," ಎಂದ ಮೋನಪ್ಪ.

ಆ ಹೋಟೆಲಿನಲ್ಲಿ ಅದೊಂದು ಪದ್ಧತಿ. ವಡೆ ಕರಿದು ಉಳಿದ ಎಣ್ಣೆಯನ್ನು ಚೆಲ್ಲುತ್ತಿರಲಿಲ್ಲ. ಕಿರುಗುಟ್ಟುವ ಬಾಗಿಲಿಗೆ ಅದೇ, ವ್ಯಾನಿನ ಮುಂಚಕ್ರಗಳಿಗೂ ಅದೇ. ಚಕ್ರ ಎಡಕ್ಕೆ ಬಲಕ್ಕೆ ಹೊರಳುವುದು ಒಂದು ದಪ್ಪ ಉಕ್ಕಿನ ಗೂಟದ ಮೇಲೆ. ಗ್ರೀಸ್ ಒತ್ತಬೇಕಾದ ಅದರ ತೂತಿಗೆ ಮೋನಪ್ಪ ಸೌಟಿನಿಂದ ಎಣ್ಣೆ ಬಿಡುತ್ತಿದ್ದ.

ಅಂದೂ ಅವನು ಸೌಟು ತಂದು ಎಣ್ಣೆ ಬಿಡುತ್ತಿರುವುದನ್ನು ಕಾಫಿಗೆ ಬಂದಿದ್ದ ಏಕಾಂತಪ್ಪ ಕಂಡ. ಬಳ್ಳಾರಿ ಕಡೆಯವನು, ಬಸ್ಸು ರಿಪೇರಿಯಲ್ಲಿ ಇಪ್ಪತ್ತು ವರ್ಷ ಕೈ ಕಪ್ಪು ಮಾಡಿಕೊಂಡವನು.

"ಏನ್ರೀ ಮೋನಪ್ಪ, ಗಾಡಿಗೂ ವಡಿ ತಿನಿಸ್ತೀರೇನು?"

"ಶುದ್ಧ ನೆಲಗಡಲೆ ಎಣ್ಣೆ. ನಿಮ್ಮ ಗ್ರೀಸಿಗಿಂತ ಒಳ್ಳೇದುಂಟು."

"ಬಿಟ್ಟ ದಿನ ಹಗುರ ಆಗ್ತದ. ನಾಕು ದಿನಕ್ಕ ಮೊದಲಿಗಿಂತ ಬಿಗಿ. ಹೌದಿಲ್ಲೋ?"

ಐತಪ್ಪ ಹೌದೆಂದು ತಲೆಯಾಡಿಸಿದ.

ಏಕಾಂತಪ್ಪ ಮೋನಪ್ಪನನ್ನು ಅಡುಗೆಮನೆಗೆ ಕರೆದೊಯ್ದು ಬಾಣಲೆಯ ಅಂಚು ತೋರಿಸಿದ. "ಉಗುರಿಲೆ ಕೆರೀರಿ."

ಮೋನಪ್ಪ ಕೆರೆದ. ಕರಿ ಅಂಟು ಏಳಲಿಲ್ಲ.

"ಗೂಟದ ಸುತ್ತ ಕುಂತಿರೋದು ಇದ. ಮ್ಯಾಲೆ ಮಳಿನೀರಿನ ತುಕ್ಕು. ಜಾಕ್ ಹಚ್ಚಿ, ಗೂಟ ಬಿಚ್ಚಿ, ಸೀಮಿಎಣ್ಣಿಯಾಗ ತೊಳೀಬೇಕು. ಸವೆದಿದ್ರ ಬದಲಿ ಹಾಕಿ ಹೊಸ ಗ್ರೀಸ್ ತುಂಬಬೇಕು. ಎರಡು ದಿನ ಗಾಡಿ ಕೊಡ್ರಿ. ಅಲ್ಲೀತನಕ ಓಡಿಸಬ್ಯಾಡ್ರಿ."

"ಎರಡು ದಿನ ಅಡ್ಯಾರಿಗೆ ಇಡ್ಲಿ ತಲೆ ಮೇಲೆ ಹೊತ್ಕೊಂಡು ಹೋಗುದಾ? ಐತಪ್ಪನ ತೋಳು ಗಟ್ಟಿ ಉಂಟು. ಭಾನುವಾರ ನೋಡುವ."

ಚಟ್ನಿ ತಿರುವುತ್ತಿದ್ದ ಚಂದ್ರಮತಿ ತಲೆ ಎತ್ತಿದಳು. "ಅಣ್ಣ, ಕೊಟ್ಟುಬಿಡಿ. ಭುಜ ನೋವು ಅಂತ ಇವರು ನಿದ್ದೆ ಮಾಡುದಿಲ್ಲ."

"ಭಾನುವಾರ ಅಂದೆನಲ್ಲ."

ಆ ಭಾನುವಾರ ಒಂದು ಮದುವೆಯ ಊಟ ಬಂತು. ಅದರ ಮುಂದಿನ ಭಾನುವಾರ ಸೀಮಂತ. ನಡುವೆ ಚಕ್ರ ಬಿಗಿದಾಗಲೆಲ್ಲ ಮೋನಪ್ಪ ಸೌಟು ಹಿಡಿದ.

ಸೀಮಂತ ಮುಗಿದ ಎರಡನೇ ದಿನ, ಮಂಗಳವಾರ, ಅಡ್ಯಾರಿನ ಹತ್ತಿರ ಐತಪ್ಪ ಒಬ್ಬ ಸೈಕಲ್ಲಿನವನನ್ನು ತಪ್ಪಿಸಲು ಬಲಕ್ಕೆ ಹೊರಳಿಸಿದ. ಚಕ್ರ ಹೊರಳಿತು, ವಾಪಸು ಬರಲಿಲ್ಲ. ವ್ಯಾನು ರಸ್ತೆಯಾಚೆಯ ಹುಣಸೆಮರಕ್ಕೆ ಗುದ್ದಿತು. ಸ್ಟಿಯರಿಂಗ್ ಅವನ ಎದೆಗೆ ಒತ್ತಿಕೊಂಡಿತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ಗುರುವಾರ ಬೆಳಿಗ್ಗೆ ತೀರಿಕೊಂಡ.

ಮುರಿದ ವ್ಯಾನಿನ ಚಕ್ರವನ್ನು ಏಕಾಂತಪ್ಪ ಬಿಚ್ಚಿದಾಗ ಮೋನಪ್ಪ ಪಕ್ಕದಲ್ಲೇ ಕೂತಿದ್ದ. ಗೂಟ ಹೊರಗೆ ಬರಲು ಅರ್ಧ ದಿನ ಹಿಡಿಯಿತು. ಅದರ ಮೈಗೆಲ್ಲ ಕರಿ ಅಂಟು. ಮೋನಪ್ಪ ಉಗುರಿನಿಂದ ಕೆರೆದ. ಏಳಲಿಲ್ಲ.

"ಬಾಣಲೆಯಲ್ಲೇ ನೋಡಿದ್ದೆ ನಾನು ಇದನ್ನು," ಎಂದ.

ಮನೆಯಲ್ಲಿ ಚಂದ್ರಮತಿ ಕೇಳಿದ್ದು ಒಂದೇ ಮಾತು. "ಅಣ್ಣ, ಏಕಾಂತಪ್ಪನವರು ಕೇಳಿದ್ದು ಎರಡೇ ದಿನ ಅಲ್ವಾ?"

ಆಮೇಲೆ ಯಾವ ಹೋಟೆಲಿನ ಮುಂದೆ ಹಳೇ ಗಾಡಿ ಕಂಡರೂ ಮೋನಪ್ಪ ನಿಂತು, "ಸ್ಟಿಯರಿಂಗ್ ತಾನಾಗಿ ವಾಪಸ್ ಬರ್ತದಾ?" ಎಂದು ಕೇಳತೊಡಗಿದ. ಕೆಲವರು ತಪಾಸಣೆ ಮಾಡಿಸಿದರು. ಕೆಲವರು ಪಾಪ, ತಲೆ ಕೆಟ್ಟಿದೆ ಎಂದರು.

ಹಳೇ ಗಾಡಿ ಇಟ್ಟುಕೊಂಡವರೇ, ನಾಳೆ ಬೆಳಿಗ್ಗೆ ನಿಮ್ಮದನ್ನೂ ನೋಡಿ. ಸ್ಟಿಯರಿಂಗ್ ಭಾರವಾಗಿದೆಯೇ, ಹೊರಳುವಾಗ ಕಿರುಗುಟ್ಟುತ್ತದೆಯೇ, ತಿರುವಿನ ನಂತರ ತಾನೇ ನೇರವಾಗುವುದಿಲ್ಲವೇ? ಹಾಗಿದ್ದರೆ ಗಾಡಿ ನಿಲ್ಲಿಸಿ. ತೋಳಿನ ಬಲವನ್ನು ನಂಬಬೇಡಿ. ಅಡುಗೆ ಎಣ್ಣೆ ಒಂದು ತೊಟ್ಟೂ ಬಿಡಬೇಡಿ. ಚಕ್ರದ ಗೂಟವನ್ನು ಸುತ್ತಿಗೆಯಿಂದ ಹೊಡೆಯದೆ, ಬಲ್ಲವರ ಕೈಯಲ್ಲಿ ಬಿಚ್ಚಿಸಿ. ತಿಂಗಳಿಗೊಮ್ಮೆ ಚಕ್ರ ಎತ್ತಿ, ಹಳೆಯದು ಹೊರಬರುವ ತನಕ ಹೊಸ ಗ್ರೀಸ್ ಒತ್ತಿಸಿ. ಮಳೆಗಾಲ ಕಳೆದ ಮೇಲಂತೂ ತಪ್ಪಿಸಬೇಡಿ. ಭಾನುವಾರಕ್ಕೆ ಕಾಯಬೇಡಿ.

ಹದಿನಾರನೆಯ ದಿನದ ಕಾರ್ಯ ಮುಗಿದ ಮರುದಿನ ಚಂದ್ರಮತಿ ಬೇಬಿಯ ಕೈ ಹಿಡಿದು ಮಂಗಳೂರಿನ ರೈಲು ಹತ್ತಿದಳು. ಅಣ್ಣ ಕೊಟ್ಟ ತಿಂಡಿಯ ಪೊಟ್ಟಣ ಸ್ಟೇಷನ್ನಿನ ಬೆಂಚಿನ ಮೇಲೆಯೇ ಉಳಿಯಿತು. ಅಂದು ಶನಿವಾರ. ಭಾನುವಾರಕ್ಕೆ ಅವಳು ಕಾಯಲಿಲ್ಲ.