ಭಾನುವಾರದ ಬಡಿತ

ನಾರ್ವೆಯ ಬರ್ಗನ್ ಊರಿನಲ್ಲಿ ಅಕ್ಟೋಬರ್‌ನಲ್ಲಿ ಮಳೆ ಒಂದು ದಿನ ಬಿಡುವು ಕೊಟ್ಟರೆ, ಮನೆಯಲ್ಲಿ ಕೂತವರನ್ನು ಜನ ಕಾಯಿಲೆಯವರೆಂದೇ ತಿಳಿಯುತ್ತಾರೆ. ಆ ಭಾನುವಾರ ಬಿಸಿಲು ಬಿದ್ದಿತ್ತು. ಊರಿಗೆ ಊರೇ ಬೆಟ್ಟ ಹತ್ತುತ್ತಿತ್ತು. ಬೊಗ್ನಾಳೂ ಹತ್ತುತ್ತಿದ್ದಳು, ಆದರೆ ನೆಲವನ್ನು ಒದ್ದುಕೊಂಡು.

ಭಾನುವಾರವೆಂದರೆ ಅವಳಿಗೆ ಹಂದಿಮಾಂಸದ ಊಟ. ಪೋಲೆಂಡಿನಲ್ಲಿ ಅವಳ ತಾಯಿ, ಅಜ್ಜಿ ಎಲ್ಲರೂ ಮಾಂಸದ ತುಂಡನ್ನು ಮರದ ಕೊಡತಿಯಿಂದ ಬಡಿದು ತೆಳ್ಳಗೆ ಮಾಡಿ, ಬ್ರೆಡ್ಡಿನ ಪುಡಿ ಹಚ್ಚಿ ಕರಿದವರೇ. ಅವಳೂ ಅದನ್ನೇ ಮಾಡುತ್ತಿದ್ದಳು. ಹೊಸ ಬಾಡಿಗೆ ಮನೆಗೆ ಬಂದ ಮೇಲೆ ಕೆಳಗಿನ ಮನೆಯಾಕೆ ದೂರು ಬರೆದಳು: ಮೇಲಿನವರು ಭಾನುವಾರ ಸುತ್ತಿಗೆ ಕೆಲಸ ಮಾಡುತ್ತಾರೆ. ಆ ಊರಿನಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆಯುವುದು ಕಳ್ಳತನಕ್ಕಿಂತ ಸ್ವಲ್ಪವೇ ಕಡಿಮೆ. ಮೇಲಿಂದ ಮೇಲೆ ದೂರು ಬಂದಾಗ ಮನೆ ಮಾಲೀಕ ಫೋನ್ ಮಾಡಿದ. ಕಟ್ಟಡದ ಸಂಘದವರು ಬೆನ್ನು ಬಿದ್ದಿದ್ದಾರೆ, ದೂರು ಹಿಂದಕ್ಕೆ ಹೋಗದಿದ್ದರೆ ಈ ತಿಂಗಳು ಮುಗಿಯುವ ಕರಾರನ್ನು ಮುಂದುವರಿಸುವುದಿಲ್ಲ, ಬೇರೆ ಮನೆ ನೋಡಿಕೊಳ್ಳಿ ಎಂದ. ಅದು ಮಾಂಸ ಬಡಿಯುವ ಸದ್ದು ಎಂದು ಬೊಗ್ನಾ ಹೇಳಿದರೆ, ದೂರು ಕೊಟ್ಟವರಿಗೇ ಹೇಳಿ ಅಂದ. ಬೊಗ್ನಾ ಕೆಳಗಿಳಿದು ಬಾಗಿಲು ತಟ್ಟಿದಳು. ಮತ್ತೆ ಮತ್ತೆ ಹೋಗಿ ತಟ್ಟಿದಳು. ಬಾಗಿಲು ತೆರೆಯಲಿಲ್ಲ.

“ಇವತ್ತೊಂದಿನ ಬಿಟ್ಟಾಕು ಮಾರಾಯ್ತಿ,” ಎಂದ ಪಕ್ಕದಲ್ಲೇ ಬೆಟ್ಟ ಹತ್ತುತ್ತಿದ್ದ ಗಂಡ ಝೆನೊನ್. “ಬಿಸಿಲು ನೋಡು.”

“ಬಿಸಿಲು ಬಾಡಿಗೆಗೆ ಮನೆ ಕೊಡುತ್ತಾ?”

ದಾರಿಯುದ್ದಕ್ಕೂ ಭೂರ್ಜ ಮರಗಳ ಎಲೆ ಹಳದಿಯಾಗಿ, ಕಾಲ ಬುಡದ ಪೊದೆಗಳು ಕೆಂಪಾಗಿ ಉರಿಯುತ್ತಿದ್ದವು. ಎದುರು ಬಂದವರೆಲ್ಲ ನಕ್ಕು “ಹೈ” ಎನ್ನುತ್ತಿದ್ದರು. ಬೊಗ್ನಾ ಒಬ್ಬರಿಗೂ ತಿರುಗಿ ಹೇಳಲಿಲ್ಲ.

“ಮೆಟ್ಟಿಲ ಮೇಲೆ ನಮ್ಮನ್ನ ಕಂಡ್ರೆ ಗೋಡೆ ನೋಡೋ ಜನ. ಇಲ್ಲಿ ಹಲ್ಲು ತೋರಿಸ್ತಾರೆ.”

“ನಾಲಿಗೆ ಸಡಿಲ ಆಗೋಕೆ ನಮ್ಮವರಿಗೆ ವೋಡ್ಕಾ ಬೇಕು, ಇವರಿಗೆ ಏರು ದಾರಿ ಬೇಕು. ಖರ್ಚು ಕಮ್ಮಿ ನೋಡು,” ಎಂದ ಝೆನೊನ್.

ತುದಿಯಲ್ಲಿ ಗಾಳಿ ಬೀಸುತ್ತಿತ್ತು. ಬಂಡೆಯ ಮರೆಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು ಸರಿದು ಜಾಗ ಮಾಡಿದಳು. “ಬನ್ನಿ, ಇಲ್ಲಿ ಬೆಚ್ಚಗಿದೆ.”

ಗಂಡ ಹೆಂಡತಿ ಮುಖಮುಖ ನೋಡಿಕೊಂಡರು. ಕೆಳಗಿನ ಮನೆಯ ಸೋಲ್‌ಫ್ರಿದ್. ಅವಳಿಗೆ ಮಾತ್ರ ಇವರ ಗುರುತು ಸಿಗಲಿಲ್ಲ. ಮೆಟ್ಟಿಲ ಮೇಲೆ ಒಮ್ಮೆಯಾದರೂ ಮುಖ ನೋಡಿದ್ದರೆ ತಾನೆ. ಇವರಿಬ್ಬರು ತಮ್ಮ ಭಾಷೆಯಲ್ಲಿ ಪಿಸುಗುಟ್ಟಿದ್ದು ಕೇಳಿ, ಚಾಕೊಲೇಟ್ ಮುರಿದು ಮುಂದೆ ಹಿಡಿದಳು.

“ಪೋಲೆಂಡಿನವರಾ? ನಮ್ಮ ಬೆಟ್ಟ ನಿಮಗೂ ಹಿಡಿಸ್ತಲ್ಲ, ಸಂತೋಷ. ನಮ್ಮ ಮೇಲಿನ ಮನೇಲೂ ಹೊರದೇಶದವರಿದ್ದಾರೆ. ಅವರಿಗೆ ಇದೆಲ್ಲ ಬೇಡ. ಭಾನುವಾರ ಬಂದ್ರೆ ಸುತ್ತಿಗೆ. ಅದಕ್ಕೇ ಇವತ್ತು ಬೇಗ ಎದ್ದು ಬಂದ್ಬಿಟ್ಟೆ.”

ಝೆನೊನ್ ಹೆಂಡತಿಯ ತೋಳು ಹಿಡಿದ. ಬೊಗ್ನಾ ಕೊಡವಿಕೊಂಡಳು.

“ಏನು ಬಡೀತೀರಿ ಅಂತ ಅವರನ್ನ ಕೇಳಿದ್ರಾ?”

“ಕೇಳೋದು ಹೇಗೆ? ಇನ್ನೊಬ್ಬರ ಬಾಗಿಲು ತಟ್ಟೋದು ಚೆನ್ನಾಗಿರಲ್ಲ.”

“ಅವರು ನಿಮ್ಮ ಬಾಗಿಲು ತಟ್ಟಿದ್ರಲ್ಲ. ನೀವು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ರಿ. ಬಾಗಿಲ ಕೆಳಗಿನ ಸಂದೀಲಿ ನನಗೆ ಕಾಲಿನ ನೆರಳು ಕಾಣ್ತಿತ್ತು.”

ಚಾಕೊಲೇಟಿನ ಕೈ ಅಲ್ಲೇ ನಿಂತಿತು. ಸೋಲ್‌ಫ್ರಿದ್ ಮೊದಲ ಸಲ ಅವಳ ಮುಖವನ್ನು ನಿಟ್ಟಿಸಿದಳು.

ಕೋಪ ಬಂದರೆ ಬೊಗ್ನಾಳ ನಾರ್ವೇಜಿಯನ್ ಭಾಷೆ ನೀರಿನ ಹಾಗೆ ಹರಿಯುತ್ತಿತ್ತು. “ಸುತ್ತಿಗೆಯಲ್ಲ, ಮಾಂಸ. ಮಧ್ಯಾಹ್ನದ ಊಟಕ್ಕೆ ಮಾಂಸ ಬಡೀತಿದ್ದೆ. ನನಗೆ ಹೇಳಿದ್ರೆ ಶನಿವಾರವೇ ಬಡಿದಿಟ್ಕೋತಿದ್ದೆ. ಈಗ ಈ ತಿಂಗಳು ಮುಗಿದ್ರೆ ನಾವು ಬೀದಿಗೆ.”

“ಇಷ್ಟು ದೂರ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ,” ಎಂದಳು ಸೋಲ್‌ಫ್ರಿದ್ ಮೆಲ್ಲಗೆ. “ಆದರೆ ಇಂಥ ಮಾತೆಲ್ಲ ಬೆಟ್ಟದ ಮೇಲೆ ಬೇಡ. ಕೆಳಗೆ ಹೋದ ಮೇಲೆ ನೋಡೋಣ.”

“ಕೆಳಗೆ ಹೋದ್ರೆ ನೀವು ಬಾಗಿಲು ಹಾಕ್ಕೋತೀರಿ. ಇಲ್ಲಿ ನಿಮಗೆ ಬಾಗಿಲಿಲ್ಲ. ಫೋನ್ ತೆಗೀರಿ, ಸಂಘದವರಿಗೆ ಬರೀರಿ.”

“ಭಾನುವಾರವಾ?”

ಝೆನೊನ್‌ಗೆ ನಗು ತಡೆಯಲಾಗಲಿಲ್ಲ. ಮುಖ ತಿರುಗಿಸಿ ಕೆಮ್ಮಿದ.

“ದೂರು ಯಾವ ವಾರ ಬರೆದ್ರಿ ಅಮ್ಮ?” ಎಂದು ಕೇಳಿದಳು ಬೊಗ್ನಾ.

ಸೋಲ್‌ಫ್ರಿದ್ ಕೈಗವಸು ಕಳಚಿ, ತಣ್ಣಗಾದ ಬೆರಳುಗಳಲ್ಲಿ ಫೋನ್ ಒತ್ತಿ ಬರೆದು ತೋರಿಸಿದಳು: ಮೇಲಿನ ಮನೆಯ ಸದ್ದಿನ ಸಮಸ್ಯೆ ಬಗೆಹರಿದಿದೆ.

“ಇದಲ್ಲ. ಇದನ್ನ ಓದಿದ್ರೆ ನಾನೇನೋ ತಪ್ಪು ತಿದ್ದಿಕೊಂಡೆ ಅನ್ಸುತ್ತೆ. ‘ಅವರು ಅಡುಗೆ ಮಾಡ್ತಿದ್ರು, ನಾನು ವಿಚಾರಿಸದೆ ದೂರು ಕೊಟ್ಟೆ, ಎಲ್ಲ ದೂರೂ ವಾಪಸ್ ತಗೋತೀನಿ’ ಅಂತ ಬರೀರಿ. ಮಾಲೀಕರಿಗೂ ಕಳಿಸಿ.”

“ಸಾಕು ಬಿಡೇ,” ಎಂದ ಝೆನೊನ್.

“ನೀನು ಸುಮ್ನಿರು. ಮನೆ ಹುಡುಕೋಕೆ ಅಲೆಯೋಳು ನಾನು.”

ಸೋಲ್‌ಫ್ರಿದ್ ಅಳಿಸಿ, ತುಟಿ ಬಿಗಿಹಿಡಿದು ಮತ್ತೆ ಬರೆದಳು. ಬೊಗ್ನಾ ಕಣ್ಣಿಟ್ಟು ಓದಿದ ಮೇಲೆ ಸಂಘಕ್ಕೂ ಮಾಲೀಕನಿಗೂ ಕಳಿಸಿದಳು. ಮಾಲೀಕನಿಂದ ಕೂಡಲೇ ಉತ್ತರ ಬಂತು. ಅವನೂ ಎಲ್ಲೋ ಬೇರೆ ಬೆಟ್ಟದ ಮೇಲಿದ್ದ. ದೂರಿಲ್ಲದಿದ್ದರೆ ತನಗೂ ತಕರಾರಿಲ್ಲ, ಕರಾರು ಮುಂದುವರಿಯಲಿ, ಎಂದಿದ್ದ.

“ನನ್ನಿಂದ ತಪ್ಪಾಯ್ತು,” ಎಂದಳು ಸೋಲ್‌ಫ್ರಿದ್. ಚಾಕೊಲೇಟನ್ನು ಮತ್ತೆ ಮುಂದೆ ಹಿಡಿದಳು.

“ಬೇಡ. ತಪ್ಪಾಯ್ತು ಅಂದಿದ್ದು ಸರಿ. ಆದ್ರೆ ನನಗಿನ್ನೂ ಸಿಟ್ಟು ಇಳಿದಿಲ್ಲ, ಈಗ ತಿಂದ್ರೆ ಸುಳ್ಳಾಗುತ್ತೆ.”

ಸೋಲ್‌ಫ್ರಿದ್ ತಲೆಯಾಡಿಸಿ ಚೀಲ ಹೆಗಲಿಗೇರಿಸಿ ಇಳಿದು ಹೋದಳು. ತಿರುವಿನಲ್ಲಿ ಎದುರಾದವರು “ಹೈ” ಎಂದರು. ಅವಳು ತಲೆ ಎತ್ತಲಿಲ್ಲ.

“ನಾವೂ ಹೊರಡೋಣವಾ?” ಎಂದ ಝೆನೊನ್.

“ಯಾಕೆ? ಬೆಟ್ಟ ಅವಳೊಬ್ಬಳದಾ?” ಬೊಗ್ನಾ ಬೂಟು ಕಳಚಿ, ಕಾಲು ಚಾಚಿ ಬಿಸಿಲಿಗೆ ಮುಖವೊಡ್ಡಿದಳು. ಕೆಳಗೆ ಊರು, ಕೊಲ್ಲಿ, ಸಾಲು ಮನೆಗಳು ಹೊಳೆಯುತ್ತಿದ್ದವು. “ಈ ವರ್ಷದ ಬಿಸಿಲೆಲ್ಲ ಇವತ್ತೇ ಬಿದ್ದಿದೆ. ಮುಗಿಯೋವರೆಗೂ ಇಲ್ಲೇ ಕೂರ್ತೀನಿ.”