ಎಲ್ಲಿಗೆ ಅಂತ ಕೇಳಬಾರದು

ಶೋಭಾರಾಣಿಗೆ ಬೇಕಾಗಿದ್ದದ್ದು ಬರೀ ಇಪ್ಪತ್ತು ನಿಮಿಷ. ಬಂಗಾರ ಬೇಡ, ಬಂಗಲೆ ಬೇಡ, ದಿನಾ ಬೆಳಿಗ್ಗೆ ಇಪ್ಪತ್ತೇ ಇಪ್ಪತ್ತು ನಿಮಿಷ. ಹಿಂದೂಪುರದ ಹೊರಗಿರುವ ಗಾರ್ಮೆಂಟ್ಸಿನ ಗೇಟು ಎಂಟಕ್ಕೆ ಮುಚ್ಚುತ್ತದೆ. ಬೊಮ್ಮಲಹಟ್ಟಿಯಿಂದ ಅವಳು ಹತ್ತುವ ಹಳ್ಳಿ ಬಸ್ಸೋ, ಕೈ ತೋರಿಸಿದವರಿಗೆಲ್ಲ ನಿಂತು, ಕೋಳಿ ಬುಟ್ಟಿ, ಈರುಳ್ಳಿ ಮೂಟೆ ಎಲ್ಲ ಹೇರಿಕೊಂಡು, ಸೋಮಂದೇಪಲ್ಲಿಯಲ್ಲಿ ಹತ್ತು ನಿಮಿಷ ಸುಧಾರಿಸಿಕೊಂಡು, ಅವಳನ್ನು ಗೇಟಿನ ಮುಂದೆ ಇಳಿಸುವುದು ಎಂಟೂ ಇಪ್ಪತ್ತಕ್ಕೆ. ಮೊದಲು ಕಂಪನಿಯ ವ್ಯಾನು ಊರಿಗೇ ಬರುತ್ತಿತ್ತು. ಅದು ನಿಂತ ದಿನದಿಂದ ಶುರುವಾಯಿತು ಈ ಗೋಳು. ಚೆಕಿಂಗ್ ಟೇಬಲ್ಲಿನಲ್ಲಿ ಶೋಭಾರಾಣಿಯ ಕಣ್ಣು ತಪ್ಪಿಸಿಕೊಂಡು ಒಂದು ತಪ್ಪು ಹೊಲಿಗೆಯೂ ಆಚೆ ಹೋಗುವುದಿಲ್ಲ ಎಂದು ಹೊಗಳುತ್ತಿದ್ದ ಮ್ಯಾನೇಜರೇ ಈಗ, "ಯುಗಾದಿ ತನಕ ನೋಡ್ತೀನಮ್ಮ, ಆಮೇಲೆ ಆ ಜಾಗಕ್ಕೆ ಬೇರೆಯವರನ್ನ ತಗೋತೀನಿ" ಎಂದಿದ್ದ.

ನಲವತ್ತೊಂದರ ವಯಸ್ಸಿಗೆ ತನ್ನದು ಅಂತ ಅವಳಿಗಿದ್ದದ್ದು ಆ ಟೇಬಲ್ಲೊಂದೇ. ಮನೆಯಲ್ಲಿ ಮಗ್ಗ ಗಂಡ ರಾಮಾಂಜಿನೇಯನದು, ರೇಷ್ಮೆ ಸಾಹುಕಾರನದು, ಮಾತು ಅತ್ತೆಯದು. ಕೆಲಸ ಬಿಟ್ಟರೆ ಮತ್ತೆ ಮಗ್ಗದ ಪಕ್ಕ ಕೂತು ಕಂಡಿಗೆಗೆ ನೂಲು ಸುತ್ತಬೇಕು, ಅದಂತೂ ಅವಳಿಗೆ ಬೇಡವೇ ಬೇಡವಾಗಿತ್ತು.

ಇಂಥ ಹೊತ್ತಿನಲ್ಲಿ ಸುದ್ದಿ ಬಂತು, ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ವೇಗದ ಬಸ್ಸಿನ ದಾರಿ ಆಗುತ್ತದೆ ಅಂತ. ಮುಂದೆ ರಸ್ತೆಯ ನಡುವೆ ಬಸ್ಸಿಗೆಂದೇ ಬೇರೆ ಪಟ್ಟಿ ಹಾಕುತ್ತಾರಂತೆ, ಗಾಜಿನ ನಿಲ್ದಾಣ ಕಟ್ಟುತ್ತಾರಂತೆ. ಸದ್ಯಕ್ಕೆ ಯುಗಾದಿಯಿಂದ ಹಸಿರು ಬಸ್ಸು ಬಿಟ್ಟು ನೋಡುತ್ತಾರೆ. ಒಂದೇ ಗಂಟೆಯಲ್ಲಿ ಹಿಂದೂಪುರ! ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹಸಿರು ಬಸ್ಸು ಕಂಡಕಂಡಲ್ಲಿ ನಿಲ್ಲುವುದಿಲ್ಲ. ಬೊಮ್ಮಲಹಟ್ಟಿ, ಅಲ್ಲಿಂದ ಹಿಂದೂಪುರದ ಕಡೆಗೆ ಆರು ಕಿಲೋಮೀಟರ್ ಆಚೆಯ ಕಂಬಾಲಪಲ್ಲಿ, ಇವೆರಡರಲ್ಲಿ ಒಂದಕ್ಕೆ ಮಾತ್ರ ಸ್ಟಾಪು. ಕಂಬಾಲಪಲ್ಲಿಗೆ ಸ್ಟಾಪು ಹೋದರೆ ಶೋಭಾರಾಣಿಯ ಕತೆ ಮುಗಿಯಿತು. ಕರಡಿ ಓಡಾಡುವ ಗುಡ್ಡದ ದಾರಿ, ಏಳರೊಳಗೆ ಒಂದು ಆಟೋ ಹುಟ್ಟುವುದಿಲ್ಲ, ರಾಮಾಂಜಿನೇಯನಿಗೆ ಸೈಕಲ್ಲೂ ಬಾರದು, ಹಳ್ಳಿ ಬಸ್ಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಸಿರು ಬಸ್ಸು ಹೋಗಿರುತ್ತದೆ.

ಯಾವ ಊರಿಗೆ ಸ್ಟಾಪು ಎಂದು ತೀರ್ಮಾನಿಸಲು ಸರ್ವೆ. ಗುತ್ತಿಗೆ ಹಿಡಿದ ಕಂಪನಿಯವರು ಊರೂರಿನ ಡ್ವಾಕ್ರಾ ಮಹಿಳಾ ಉಳಿತಾಯ ಗುಂಪಿನ ಲೀಡರುಗಳನ್ನೇ ಹಿಡಿದರು. ಹೀಗಾಗಿ ಬೊಮ್ಮಲಹಟ್ಟಿಯ ಸರ್ವೆ ಅಲ್ಲಿನ ಗುಂಪಿನ ಲೀಡರಾದ ಶೋಭಾರಾಣಿಯ ಕೈಗೇ ಬಂತು. ಅವಳು ಕುಣಿದಾಡಿದಳು. ಬೆಳಗಿನ ಬಸ್ಸಿಗೆ ಮೂವತ್ತು ಜನ ಹತ್ತಿದರೆ ಸಾಕಂತೆ, ಅವಳ ಊರಲ್ಲಿ ನಲವತ್ತು ಜನಕ್ಕೆ ಮೋಸವಿಲ್ಲ. ಗಾರ್ಮೆಂಟ್ಸಿಗೆ ಮೂರು ದಿನ ರಜೆ ಹಾಕಿದಳು. ಕಂಪನಿಯ ರುದ್ರೇಶ್ ಎಂಬ ಹುಡುಗ ಬಂದು ಅವಳ ಫೋನಿಗೆ ಆ್ಯಪ್ ಹಾಕಿಕೊಟ್ಟ. ಮೊದಲ ಪ್ರಶ್ನೆ ಓದಿದ್ದೇ ಅವಳ ಕುಣಿತ ನಿಂತಿತು.

"ನೀವು ಎಲ್ಲಿಗೆ ಹೋಗುತ್ತಿದ್ದೀರಿ?"

ಹೊರಟು ನಿಂತವರನ್ನು ಎಲ್ಲಿಗೆ ಅಂತ ಕೇಳಬಾರದು. ಇದು ಬೊಮ್ಮಲಹಟ್ಟಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಬೇಕಿದ್ದರೆ "ದೂರ ಹೊಂಟ್ರಾ?" ಅನ್ನಬಹುದು, ಅವರು "ಇಲ್ಲೇ, ಹಿಂಗೇ" ಅನ್ನಬಹುದು, ಅಲ್ಲಿಗೆ ಮುಗಿಯಬೇಕು. ತಿಳಿಯದ ಯಾರಾದರೂ ಕೇಳಿಬಿಟ್ಟರೆ ಮನೆಗೆ ವಾಪಸು ಹೋಗಿ, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು.

"ಸಾರ್, ಈ ಮಾತು ನಮ್ಮೂರಲ್ಲಿ ಕೇಳಂಗಿಲ್ಲ. 'ದೂರ ಹೊಂಟ್ರಾ' ಅಂತ ಕೇಳ್ತೀನಿ" ಎಂದಳು.

"ಇರೋ ಪ್ರಶ್ನೆ ಇದ್ದಂಗೇ ಕೇಳಬೇಕು ಮೇಡಂ. ನಿಮ್ಮ ದನಿ ಫೋನಲ್ಲಿ ರೆಕಾರ್ಡ್ ಆಗುತ್ತೆ. ಒಂದು ಪದ ಆಚೀಚೆ ಆದರೂ ಮೇಲಿನವರು ಕ್ಯಾನ್ಸಲ್ ಮಾಡ್ತಾರೆ" ಎಂದು ರುದ್ರೇಶ್ ಬೈಕು ಹತ್ತಿದ. ಎಲ್ಲಿಗೆ ಹೋಗುತ್ತೀ ಎಂದು ಅವನನ್ನೇ ಕೇಳಿಬಿಡೋಣವೆನ್ನಿಸಿತು ಶೋಭಾರಾಣಿಗೆ.

ಮೊದಲ ದಿನ ಬೆಳಿಗ್ಗೆ ಆರೂಕಾಲಿಗೆ ಸ್ಟಾಪಿನ ಕಟ್ಟೆಯ ಹತ್ತಿರ ಮೊದಲು ಸಿಕ್ಕವಳು ಚೌಡಕ್ಕ. ಎದುರು ಮನೆಯ ಮುದುಕಿ, ಎಪ್ಪತ್ತು ದಾಟಿದೆ, ಮೊಮ್ಮಗಳು ಮೌನಿಕಾಳನ್ನು ಒಬ್ಬಳೇ ಸಾಕಿ ಹಿಂದೂಪುರಕ್ಕೆ ಮದುವೆ ಮಾಡಿ ಕೊಟ್ಟವಳು. ಶೋಭಾರಾಣಿ ಮನಸ್ಸಿನಲ್ಲೇ ಕುಲದೇವರಿಗೆ ಕೈ ಮುಗಿದು ಫೋನು ಮುಂದೆ ಹಿಡಿದಳು. ಪ್ರಶ್ನೆ ಬಾಯಿಂದ ಬಿತ್ತೋ ಇಲ್ಲವೋ, ಚೌಡಕ್ಕ ಕೆಂಡ ತುಳಿದವಳ ಹಾಗೆ ಹಿಂದಕ್ಕೆ ಹಾರಿದಳು.

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ನಮ್ಮೂರ ಸೊಸೆ ಆಗಿ ಹಿಂಗೆ ಕೇಳ್ಬುಟ್ಟಲ್ಲೇ ಸೋಭಾ! ಹೊತ್ತಾರೆ ಎದ್ದು ಯಾರ್ ಮಕ ನೋಡಿದ್ನೋ!"

ಹಾಗೆನ್ನುತ್ತಲೇ ಚೀಲ ಎತ್ತಿಕೊಂಡು ಮನೆಗೆ ನಡೆದಳು, ನೀರು ಕುಡಿಯಲು. ಅವಳ ಹಿಂದಿದ್ದ ಇಬ್ಬರು, ಕೇಳಿಸಿಕೊಂಡ ಪಾಪಕ್ಕೆ, ತಾವೂ ಮನೆಗೆ ನಡೆದರು. ಉಳಿದವರು ಸ್ಟಾಪಿನ ಹತ್ತಿರವೇ ಸುಳಿಯಲಿಲ್ಲ. ಟೀ ಹೋಟೆಲಿನ ಸಂಜೀವಪ್ಪನ ಒಲೆಯ ಹಿಂದೆ ಅಡಗಿ ಕೂತು, ಬಸ್ಸು ನಿಂತ ತಕ್ಷಣ ಹಿಂಬಾಗಿಲಿಗೆ ಓಡಿ ಹತ್ತಿಕೊಂಡರು. ಚೌಡಕ್ಕ ನೀರು ಕುಡಿದು ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಅವತ್ತು ಇಡೀ ದಿನ ಆ ಮುದುಕಿ ಜಗಲಿಯ ಮೇಲೆ ಕೂತು ಎದುರು ಮನೆಗೆ ಕೇಳಿಸುವ ಹಾಗೆ ಬೈದಳು. ಶೋಭಾರಾಣಿಯ ಫೋನಿನಲ್ಲಿ ಸೊನ್ನೆ.

"ಬಸ್ಸಲ್ಲಿ ಕಂಡಕ್ಟರ್ ದಿನಾ ಎಲ್ಲಿಗೆ ಅಂತ ಕೇಳಲ್ವಾ? ಅವನಿಗೆ ಯಾರೂ ಬಯ್ಯಲ್ಲ, ನನಗೆ ಮಾತ್ರ ಯಾಕೆ?" ಎಂದು ಸಂಜೆ ಸಂಜೀವಪ್ಪನ ಮೇಲೆ ಹರಿಹಾಯ್ದಳು.

ಸಂಜೀವಪ್ಪ ಸಮಾಧಾನವಾಗಿ ಟೀ ಸೋಸುತ್ತ, "ಅವ್ನು ಬಸ್ ಹತ್ತಿದ್ಮ್ಯಾಲೆ ಕೇಳ್ತಾನೆ ಕಣಮ್ಮ. ಆಗ್ಲೇ ಹೊಂಟಾಯ್ತಲ್ಲ, ದೋಸ ಇಲ್ಲ" ಎಂದ.

ಇದನ್ನು ಬೆಳಿಗ್ಗೆಯೇ ಒದರಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದುಕೊಂಡರೂ ಅವಳ ಮುಖ ಅರಳಿತು. ಎರಡನೆಯ ದಿನ, ಮೂರನೆಯ ದಿನ ಊರವರ ಜೊತೆ ತಾನೂ ಬಸ್ಸು ಹತ್ತಿದಳು. ಬಸ್ಸು ಕದಲಿದ ಮೇಲೆ ಒಬ್ಬೊಬ್ಬರನ್ನೇ ಕೇಳಿದಳು. ಆಹಾ, ಏನು ಉತ್ತರಗಳು! ಎಲ್ಲಿಗೆ ಎಂದು ಒಂದು ಕೇಳಿದರೆ ಯಾಕೆ, ಯಾರ ಮನೆಗೆ, ಅಲ್ಲಿ ಊಟಕ್ಕೇನು ಎಂಬುದನ್ನೂ ಸೇರಿಸಿ ಹೇಳಿದರು. ಬಸ್ಸಿನ ಕುಲುಕಾಟಕ್ಕೆ ಬೆರಳು ಸರಿಯಾಗಿ ಒತ್ತಲಾಗದೆ, ಎಲ್ಲರ ಉತ್ತರ ಫೋನಿನಲ್ಲೇ ಹಿಡಿದಿಟ್ಟುಕೊಂಡು, ಕಂಬಾಲಪಲ್ಲಿಯಲ್ಲಿ ಡ್ರೈವರು ಟೀಗೆ ಇಳಿದಾಗ ನೆಮ್ಮದಿಯಾಗಿ ಒಂದೊಂದನ್ನೇ ಕಳಿಸಿದಳು. ಎರಡು ದಿನಕ್ಕೆ ಎಂಬತ್ತಮೂರು. ಗೆದ್ದೆ ಎಂದುಕೊಂಡಳು.

ವಾರ ಕಳೆದು ವಾಟ್ಸಾಪಿಗೆ ಪಟ್ಟಿ ಬಂತು. ಸ್ಟಾಪು ಕಂಬಾಲಪಲ್ಲಿಗೆ. ಬೊಮ್ಮಲಹಟ್ಟಿಯ ಮುಂದೆ ಸೊನ್ನೆ.

ಮಾರನೆಯ ದಿನ ಇನ್ನೊಂದು ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ, ಕಲ್ಯಾಣದುರ್ಗದ ಆಫೀಸಿನಲ್ಲಿ ರುದ್ರೇಶನ ಮುಂದೆ ನಿಂತಳು. ಅವನು ಕಂಪ್ಯೂಟರು ತಿರುಗಿಸಿ ತೋರಿಸಿದ. ಉತ್ತರ ಎಲ್ಲಿಂದ ಕಳಿಸಿದರೆ ಆ ಜಾಗವೇ ಹತ್ತಿದ ಜಾಗವೆಂದು ಫೋನು ತಾನೇ ಬರೆದುಕೊಳ್ಳುತ್ತದಂತೆ. ಅವಳು ಕಳಿಸಿದ ಎಂಬತ್ತಮೂರು ಜನವೂ ಕಂಬಾಲಪಲ್ಲಿಯಲ್ಲಿ ಹತ್ತಿದವರಾಗಿದ್ದರು. ತನ್ನ ಕೈಯಾರೆ, ರಜೆ ಹಾಕಿ, ಕುಲುಕಾಡಿಕೊಂಡು ಹೋಗಿ, ಪಕ್ಕದೂರಿಗೆ ಸ್ಟಾಪು ಕೊಟ್ಟು ಬಂದಿದ್ದಳು!

"ಅವರೆಲ್ಲ ನಮ್ಮೂರವರು ಸಾರ್. ಹೆಸರು ನೋಡಿ, ಎಲ್ಲರೂ ನಮ್ಮೂರವರೇ."

"ಹೆಸರು ಮನುಷ್ಯರು ಹೇಳೋದು ಮೇಡಂ. ಜಾಗ ಸ್ಯಾಟಲೈಟ್ ಹೇಳೋದು."

"ಸ್ಯಾಟಲೈಟ್ ಬಂದು ನಮ್ಮೂರಲ್ಲಿ ಬಸ್ ಹತ್ತುತ್ತಾ?"

ಮಧ್ಯಾಹ್ನ ಅವನು ಊಟಕ್ಕೆ ಹೋದ. ಅವಳು ಅಲ್ಲೇ ಕೂತಳು. ಅವನು ಊಟ ಮುಗಿಸಿ ಬಂದ. ಅವಳು ಅಲ್ಲೇ ಇದ್ದಳು. ಐದು ಗಂಟೆಗೆ ಬೀಗದ ಕೈ ಹಿಡಿದುಕೊಂಡು ಅವನೇ ಸೋತ. "ಸರಿ, ಗುರುವಾರ ಒಂದೇ ಒಂದು ಬೆಳಿಗ್ಗೆ. ಬಸ್ಸು ಹತ್ತೋಕೆ ಮುಂಚೆ, ನಿಮ್ಮೂರ ಸ್ಟಾಪಲ್ಲೇ ನಿಂತು ಕೇಳಬೇಕು. ಮೂವತ್ತು ಆಗಲಿಲ್ಲ ಅಂದರೆ ಮತ್ತೆ ನನ್ನ ಹತ್ತಿರ ಬರಬೇಡಿ."

ಬುಧವಾರ ಸಂಜೆ ಹೋಟೆಲಿನ ಮುಂದೆ ಅವಳು ಊರವರನ್ನು ಕೈ ಮುಗಿದು ಬೇಡಿದಳು. ಸ್ಟಾಪು ಬಂದರೆ ನಿಮಗೂ ಅನುಕೂಲ, ನನ್ನ ಕೆಲಸವೂ ಉಳಿಯುತ್ತದೆ ಎಂದಳು. ಎಲ್ಲರೂ ಸ್ಟಾಪು ಬೇಕೇ ಬೇಕು ಎಂದರು. ಎಲ್ಲರೂ ಬಂದು ನಿಲ್ಲುತ್ತೇವೆ ಎಂದರು.

"ಆದ್ರೆ ಆ ಮಾತೊಂದು ಕೇಳ್ಬ್ಯಾಡ ಕಣಮ್ಮ" ಎಂದ ಸಂಜೀವಪ್ಪ. "ಬೇರೆ ಏನಾನ ಕೇಳು. ಆಧಾರ್ ನಂಬ್ರ ಬೇಕಾ, ಕೊಡ್ತೀನಿ."

ಗೋರ್ಕಲ್ಲಿನ ಮೇಲೆ ಮಳೆ ಸುರಿದ ಹಾಗೆ. ಮನೆಗೆ ಬಂದರೆ ರಾಮಾಂಜಿನೇಯ ಮಗ್ಗದಿಂದ ತಲೆಯೆತ್ತದೆ, "ಹೋಗ್ಲಿ ಬುಡು, ಕಂಡಿಗೆ ಸುತ್ತೋಕೆ ನಂಗೂ ಒಂದು ಜನ ಬೇಕಿತ್ತು" ಎಂದ. ಅವಳು ಸೀದಾ ಒಲೆ ಹಚ್ಚಲು ಹೋದಳು. ಉತ್ತರ ಕೊಡಲು ನಿಂತಿದ್ದರೆ ಆ ಮನೆಯಲ್ಲಿ ಅವತ್ತು ಅನ್ನ ಬೇಯುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಊರವರು ಕೊಟ್ಟ ಮಾತಿಗೆ ಬಂದರು. ಬಂದು ಸ್ಟಾಪಿನಿಂದ ಇಪ್ಪತ್ತು ಮಾರು ದೂರದಲ್ಲಿ, ಹುಣಸೆ ಮರದ ಕೆಳಗೆ ಗುಂಪಾಗಿ ನಿಂತರು. ಶೋಭಾರಾಣಿ ಒಂದು ಹೆಜ್ಜೆ ಮುಂದಿಟ್ಟರೆ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಅವಳಿಗೆ ಅಳಬೇಕೋ ಫೋನು ನೆಲಕ್ಕೆ ಕುಕ್ಕಬೇಕೋ ತಿಳಿಯಲಿಲ್ಲ.

ಆಗ ಓಣಿಯಿಂದ ಚೌಡಕ್ಕ ಓಡೋಡಿ ಬಂದಳು. ಸೆರಗು ನೆಲ ಗುಡಿಸುತ್ತಿತ್ತು, ಕಂಕುಳಲ್ಲಿ ಹಳೆಯ ಸೀರೆಗಳ ಗಂಟು. ಕೇಳಬೇಕಾಗಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಮೌನಿಕಾಗೆ ಬೆಳಗಿನ ಜಾವ ನೋವು ಕಾಣಿಸಿಕೊಂಡು ಹಿಂದೂಪುರದ ಆಸ್ಪತ್ರೆಗೆ ಸೇರಿಸಿದ್ದರು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯ ಸಲ ಹುಡುಗಿಯೇ ಉಳಿದದ್ದು ಹೆಚ್ಚು.

ಶೋಭಾರಾಣಿ ಫೋನು ಕೆಳಗಿಳಿಸಿ ದಾರಿ ಬಿಟ್ಟಳು.

ಬಸ್ಸು ಬಂದು ನಿಂತಿತು. ಚೌಡಕ್ಕ ಮೆಟ್ಟಿಲ ಹತ್ತಿರ ಹೋದವಳು ತಿರುಗಿ ನೋಡಿದಳು. "ಯಾಕೆ, ನನ್ನ ಕೇಳಲ್ವಾ?"

"ಬ್ಯಾಡ ಕಣವ್ವ. ನೀನು ಹತ್ತು."

"ನಿನ್ನ ಕೆಲ್ಸ ಹೋಯ್ತದಂತಲ್ಲ?"

"ಹೋದ್ರೆ ಹೋಗ್ಲಿ. ಇವತ್ತು ನಿನ್ನ ಕೇಳಲ್ಲ ನಾನು. ಹತ್ತವ್ವ, ಹೊತ್ತಾಯ್ತದೆ."

ಮುದುಕಿ ಹುಣಸೆ ಮರದ ಕಡೆ ನೋಡಿದಳು, ಅಲ್ಲಿ ನಿಂತಿದ್ದ ಊರನ್ನು ನೋಡಿದಳು, ಶೋಭಾರಾಣಿಯ ಖಾಲಿ ಫೋನನ್ನು ನೋಡಿದಳು. ಆಮೇಲೆ ಸಿಡುಕಿದಳು. "ವಾರದಿಂದ ಊರ್ನೆಲ್ಲ ಅಟ್ಟಾಡ್ಸಿಕೊಂಡು ಕೇಳ್ದೆ, ಈಗ ಕೇಳು ಅಂದ್ರೆ ಕೇಳಲ್ಲ ಅಂತೀಯ! ಕೇಳೇ!"

ಶೋಭಾರಾಣಿ ಫೋನು ಮೇಲಕ್ಕೆತ್ತಿದಳು. "ನೀವು ಎಲ್ಲಿಗೆ ಹೋಗುತ್ತಿದ್ದೀರಿ?" ಎಂದು ಓದುವಾಗ ದನಿ ಅವಳದೇ ಅನ್ನಿಸಲಿಲ್ಲ.

"ಹಿಂದೂಪುರಕ್ಕೆ" ಎಂದಳು ಚೌಡಕ್ಕ, ಮರದ ಕೆಳಗಿನವರಿಗೂ ಕೇಳಿಸುವ ಹಾಗೆ. "ಆಸ್ಪತ್ರೆಗೆ. ನನ್ನ ಮೊಮ್ಮಗಳು ಮೌನಿಕಾಗೆ ಹೆರಿಗೆ. ಬರ್ಕೊ."

ಹೇಳಿದ ಮೇಲೆ ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಮೆಟ್ಟಿಲ ಮೇಲಿಟ್ಟ ಕಾಲು ಮೇಲಕ್ಕೆ ಏಳಲಿಲ್ಲ. ಶೋಭಾರಾಣಿ ಓಡಿ ಹೋಗಿ ಅವಳ ರಟ್ಟೆ ಹಿಡಿದು ತಂದು ಕಟ್ಟೆಯ ಮೇಲೆ ಕೂರಿಸಿದಳು. ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಕೈಗಿತ್ತಳು. "ಕೂತ್ಕೊಂಡು ಕುಡಿಯವ್ವ. ಕುಡ್ದು ಹೊಸ್ದಾಗಿ ಹೊರಡು. ಏನೂ ಆಗಲ್ಲ." ಅಷ್ಟು ಹೇಳಿ ಎರಡೂ ಕೈ ಚಾಚಿ ಬಸ್ಸಿನ ಮುಂದೆ ನಿಂತುಬಿಟ್ಟಳು.

"ಏಂದಮ್ಮಾ ಇದಿ! ಬಸ್ಸಾ, ಪೆಂಡ್ಲಿ ಇಲ್ಲಾ?" ಮದುವೆಮನೆಗೆ ಬಂದವರ ಹಾಗೆ ನೀರು ಕುಡಿಯುತ್ತ ಕೂತರೆ ಆಗುತ್ತದೆಯೇ ಎಂದು ಕಂಡಕ್ಟರು ತೆಲುಗಿನಲ್ಲಿ ಬಾಯಿ ಬಡಿದುಕೊಂಡ.

"ಒಂದ್ನಿಮ್ಸ ನಿಲ್ಲಪ್ಪ! ನಿನ್ ಬಸ್ಸೇನು ಹುಟ್ಟಿದಾಗ್ನಿಂದ ಟೈಮಿಗೆ ಹೋಗಿದ್ದುಂಟಾ?" ಎಂದು ಅವಳು ಕಿರುಚಿದಳು.

ಚೌಡಕ್ಕ ನಿಧಾನಕ್ಕೆ ನಾಲ್ಕು ಗುಟುಕು ಕುಡಿದಳು. ಎದ್ದಳು, ಮೂಡಣಕ್ಕೆ ಕೈ ಮುಗಿದಳು, ಬಲಗಾಲಿಟ್ಟು ಬಸ್ಸು ಹತ್ತಿದಳು.

ಹುಣಸೆ ಮರದ ಕೆಳಗಿದ್ದ ಸಂಜೀವಪ್ಪ ಹೋಟೆಲಿಗೆ ಹೋಗಿ ಒಂದು ಬಿಂದಿಗೆ ನೀರು, ಒಂದು ಲೋಟ ತಂದು ಕಟ್ಟೆಯ ಮೇಲಿಟ್ಟ. "ಸಾಲಾಗಿ ಬನ್ರಲಾ. ಮುದುಕಿಗಿರೋ ಗುಂಡಿಗೆ ನಮಗಿಲ್ವಾ?" ಎಂದು ತಾನೇ ಮೊದಲು ಬಂದು ನಿಂತ. ಸೋಮಂದೇಪಲ್ಲಿಗೆ ಎಂದ. ಕೂತ. ಕುಡಿದ. ಹತ್ತಿದ. ಅವನ ಹಿಂದೆ ಇನ್ನೊಬ್ಬ. ಡ್ರೈವರು ಎಂಜಿನ್ ಆರಿಸಿ ಬೀಡಿ ಹಚ್ಚಿದ.

ಹನ್ನೊಂದು ಗಂಟೆಗೆ ರುದ್ರೇಶನ ಫೋನು ಬಂತು. ಶೋಭಾರಾಣಿ ಇನ್ನೂ ಅದೇ ಕಟ್ಟೆಯ ಮೇಲೆ, ಖಾಲಿ ಬಿಂದಿಗೆಯ ಪಕ್ಕ ಕೂತಿದ್ದಳು. ಅವತ್ತಿಗೂ ರಜೆ ಹಾಕಿದ್ದಳು, ಮನೆಗೆ ಹೋಗಲು ಮನಸ್ಸಾಗಿರಲಿಲ್ಲ.

"ಮೇಡಂ, ಮೂವತ್ತನಾಲ್ಕು ಬಂದಿದೆ! ಜಾಗನೂ ಕರೆಕ್ಟಾಗಿದೆ. ಸ್ಟಾಪು ನಿಮ್ಮೂರಿಗೇ ಅಂತ ಇಟ್ಕೊಳ್ಳಿ. ಒಂದೆರಡು ವಿವರ ಬೇಕಿತ್ತು, ಪ್ಲಾಟ್‌ಫಾರಂ ಎಲ್ಲಿ..."

"ಆಮೇಲೆ ಮಾತಾಡಿ ಸಾರ್, ಈಗ ಇಡಿ" ಎಂದಳು ಶೋಭಾರಾಣಿ. "ಆಸ್ಪತ್ರೆಯಿಂದ ಫೋನ್ ಬರೋದಿದೆ."